ಬೀಜಭಂಡಾರವೂ ರೈತನ ಹೊಲವೂ

ದೇಶದ ಬೆಳೆಗಳ ತಳಿಗಳನ್ನು ಕಾಪಾಡಲು ಎರಡನೆಯದೊಂದು ರಾಷ್ಟ್ರೀಯ ಬೀಜಭಂಡಾರವನ್ನು ಸ್ಥಾಪಿಸಲಾಗುವುದೆಂದೂ ಅದರಲ್ಲಿ 10 ಲಕ್ಷ ತಳಿಮಾದರಿಗಳನ್ನು ಇರಿಸಲಾಗುವುದೆಂದೂ ಕೇಂದ್ರ ಸರ್ಕಾರದ ಅರ್ಥಮಂತ್ರಿಗಳು 2025ನೆಯ ಇಸವಿಯ ಫೆಬ್ರವರಿ 1ರಂದು ಆಯವ್ಯಯವನ್ನು ಮಂಡಿಸುತ್ತ ಸಾರಿದರು. ಆದಾಯ ತೆರಿಗೆಯ ರಿಯಾಯಿತಿಯ ಸಂಭ್ರಮದಲ್ಲಿ ಈ ಮಾತು ಪಟ್ಟಣವಾಸಿಗಳ ಕಿವಿಗೆ ಅಷ್ಟಾಗಿ ಬಿದ್ದಂತೆ ತೋರಲಿಲ್ಲ. ಅನ್ನ ಉಣ್ಣುವವರೆಲ್ಲರಿಗೂ ಸಂಬಂಧಪಟ್ಟ ವಿಷಯವಾದುದರಿಂದ ನಾವು ಇದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಈಗಿರುವ ಭಂಡಾರವು ದೆಹಲಿಯ ಪೂಸಾ ಆವರಣದಲ್ಲಿದೆ. 1976ರಲ್ಲಿ ಹುಟ್ಟಿದ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯವರು 1996ರಿಂದ ಅದನ್ನು ನಡೆಸುತ್ತಿರುವರು. ಬೀಜವನ್ನು ಹದವರಿತು ಒಣಗಿಸಿ, ಗಾಳಿಯಾಡದ ಅಲ್ಯುಮಿನಿಯಂ ಪೊಟ್ಟಣಗಳಲ್ಲಿ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇರಿಸುವುದು ಅಲ್ಲಿಯ ಕ್ರಮ. ಹೀಗೆ ನಿದ್ರಿಸುತ್ತಿರುವ ಮಾದರಿಗಳು ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿವೆ.

ಹಳೆಯ ಬೀಜಗಳಿಗಾಗಿ ಇಷ್ಟೊಂದು ವ್ಯಯವೇಕೆ ಎಂದು ಕೇಳುವವರು ನಮ್ಮ ಅಧಿಕಾರಿವರ್ಗದಲ್ಲಿಯೂ ಉಂಟು. ಅವರು ಒಂದು ಸಂಗತಿಯನ್ನು ಮನಗಾಣಬೇಕು. 1970ರ ದಶಕದಲ್ಲಿ ಆಗ್ನೇಯ ಏಷ್ಯದ ಭತ್ತದ ಗದ್ದೆಗಳಿಗೆ ಪೈರನ್ನು ಹುಲ್ಲಿನಂತೆ ಕುಗ್ಗಿಸುವ ವೈರಸ್ ರೋಗವೊಂದು ತಗಲಿತು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾಲಯದವರು ಆರು ಸಾವಿರಕ್ಕೂ ಹೆಚ್ಚಿನ ಮಾದರಿಗಳನ್ನು ಪರೀಕ್ಷಿಸಿ ನೋಡಿದರು. ರೋಗವನ್ನು ತಡೆಯಬಲ್ಲ ಗುಣವು ದೊರೆತುದು ನಮ್ಮ ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಕಾಡುಭತ್ತವೊಂದರಲ್ಲಿ! ಆ ಹುಲ್ಲಿನ ಗುಣವನ್ನು ಬೆರೆಸಿದ ತಳಿಗಳು ಮುಂದೆ ಲಕ್ಷಾಂತರ ಎಕರೆಗಳಲ್ಲಿ ಬೆಳೆದವು. ಅದನ್ನು ಯಾರೋ ತಂದಿರಿಸದೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಕೊಡುಕೊಳ್ಳುವಿಕೆಯು ಎರಡು ಕಡೆಯದು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಪಡೆದುದು ಈ ನಾಡಿನವರಿಗೆ ತಿಳಿದೇ ಇದೆ.

ಎರಡನೆಯ ಭಂಡಾರವು ಅನವಶ್ಯಕವೆಂಬ ವಾದವೂ ನಿಲ್ಲತಕ್ಕುದಲ್ಲ. ಸಿರಿಯ ದೇಶದ ಅಲೆಪ್ಪೊ ನಗರದ ಬಳಿ ಒಣಬೇಸಾಯದ ಬೆಳೆಗಳ ದೊಡ್ಡ ಸಂಗ್ರಹವೊಂದಿತ್ತು. ಅಂತರ್ಯುದ್ಧದಿಂದ ಅದರ ಕಾರ್ಯವು ಅಸಾಧ್ಯವಾಯಿತು. ಆದರೆ ಅಲ್ಲಿಯ ವಿಜ್ಞಾನಿಗಳು ಮೊದಲೇ ನಾರ್ವೆಯ ಸ್ವಾಲ್ಬಾರ್ಡ್ ಭಂಡಾರಕ್ಕೆ ಪ್ರತಿಗಳನ್ನು ಕಳುಹಿಸಿದ್ದರು. 2015ರಲ್ಲಿ ಅವನ್ನು ಹಿಂದಕ್ಕೆ ಪಡೆದು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಬಿತ್ತಿ ಸಂಗ್ರಹವನ್ನು ಪುನಃ ಕಟ್ಟಿದರು. ಆದಕಾರಣ ನಮ್ಮ ಎರಡನೆಯ ಭಂಡಾರವು ಮೊದಲನೆಯದರಿಂದ ಬಹುದೂರದಲ್ಲಿ, ಭೂಕಂಪದ ಭಯ ಕಡಮೆಯಿರುವೆಡೆಯಲ್ಲಿ ಇರತಕ್ಕದ್ದು.

ನಮ್ಮ ಶಂಕೆ ಬೇರೊಂದಿದೆ. ನಾಲ್ಕೂವರೆ ಲಕ್ಷದ ಪ್ರತಿಗಳನ್ನು ಇರಿಸಿದ ಮೇಲೂ ಹೊಸ ಭಂಡಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳ ಉಳಿಯುವುದು. ಅದು ತುಂಬುವುದು ಎಲ್ಲಿಂದ? ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ಸಹಿಸಿ ಬೆಳೆಯುವ ‘ಕಗ್ಗ’ ಭತ್ತವಿದೆ. ಒಡ್ಡುಗಳು ಒಡೆದು, ಗದ್ದೆಗಳು ಸಿಗಡಿಯ ಹೊಂಡಗಳಾಗಿ, ಅದರ ಬೇಸಾಯವು ಕ್ಷೀಣಿಸಿದೆ. ಒಂದು ಹಿಡಿ ಕಗ್ಗವನ್ನು ಹಿಮದಂಥ ಕೋಣೆಯಲ್ಲಿ ಇರಿಸಿದಾಗ ಆ ಹಿಡಿಯು ಇದ್ದಂತೆಯೇ ಉಳಿಯುವುದು, ನಿಜ. ಆದರೆ ಏರುತ್ತಿರುವ ಕಡಲಿನ ಉಪ್ಪಿಗೆ ವರ್ಷವರ್ಷವೂ ಹೊಂದಿಕೊಳ್ಳುವ ಕೆಲಸವು ಗಜನಿಯ ಕೆಸರಿನಲ್ಲಿ ಮಾತ್ರ ನಡೆಯಬಲ್ಲುದು. ಮೇಲಾಗಿ ಹಲಸು, ಮಾವು, ತೆಂಗುಗಳ ಬೀಜವು ಒಣಗಿಸಿದರೆ ಸಾಯುವುದು. ಅವನ್ನು ತೋಟಗಳಲ್ಲಿಯೇ ಬೆಳೆಸಿಟ್ಟುಕೊಳ್ಳಬೇಕು. ದಕ್ಷಿಣ ಕನ್ನಡದ ಕಿದು ಎಂಬಲ್ಲಿ ತೆಂಗಿಗೆ ಅಂಥ ಏರ್ಪಾಡಾಗಿರುವುದು ಸಂತೋಷದ ವಿಷಯ.

ಶೈತ್ಯದಲ್ಲಿರುವ ಬೀಜಕ್ಕೂ ಆಯುಸ್ಸಿನ ಮಿತಿಯುಂಟು. ಆಗಾಗ ಮೊಳಕೆಯ ಪರೀಕ್ಷೆ ನಡೆಸಿ, ಶಕ್ತಿ ಕುಂದಿದವನ್ನು ಹೊಲಕ್ಕೆ ತಂದು ಬಿತ್ತಿ ಹೊಸ ಬೀಜ ಪಡೆಯದಿದ್ದರೆ ಭಂಡಾರವು ಸ್ಮಶಾನವಾದೀತು. ಇದು ಹೆಸರು ತಾರದ, ಉದ್ಘಾಟನೆಯಿಲ್ಲದ ಕೆಲಸ. ಕಟ್ಟಡಕ್ಕೆ ದೊರೆಯುವ ಹಣವು ಇಂಥದಕ್ಕೆ ದೊರೆಯುವುದು ಕಷ್ಟ. ಈ ಬಾಬ್ತಿಗೆ ಪ್ರತಿವರ್ಷವೂ ಪ್ರತ್ಯೇಕ ಹಣವನ್ನು ತೆಗೆದಿರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.

ಕಡೆಗೆ ಠೇವಣಿದಾರನ ಮಾತು. ಈ ಬೀಜಗಳನ್ನು ಶತಮಾನಗಳ ಕಾಲ ಆರಿಸಿ ಉಳಿಸಿದವರು ರೈತರು, ಅವರಲ್ಲಿಯೂ ವಿಶೇಷವಾಗಿ ಹೆಂಗಸರು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಶಾಸನವು ಬೀಜವನ್ನು ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ಅವರಿಗೆ ಮಾನ್ಯಮಾಡಿದೆ. ತಮ್ಮ ಊರಿನಿಂದ ಒಯ್ದ ತಳಿಯು ಊರಿನಲ್ಲಿ ನಶಿಸಿದಾಗ ಅದನ್ನು ಮರಳಿ ಪಡೆಯುವ ಸುಲಭವಾದ ದಾರಿಯೂ ಅವರಿಗೆ ಇರಬೇಡವೇ? ದೆಹಲಿಗೆ ಅರ್ಜಿ ಬರೆಯುವ ಗೋಜಿಲ್ಲದೆ, ಜಿಲ್ಲೆಯ ಕೃಷಿ ಅಧಿಕಾರಿಗಳ ಮೂಲಕವೇ ಒಂದು ಬೊಗಸೆ ಬೀಜವು ಮುಂಗಾರಿಗೆ ಮೊದಲು ಕೈಸೇರುವ ನಿಯಮವನ್ನು ಹೊಸ ಭಂಡಾರದ ಸ್ಥಾಪನೆಯೊಡನೆಯೇ ಸರ್ಕಾರದವರು ರಚಿಸಬೇಕು.