ಅನಿಮೆ: ಪ್ರೇಕ್ಷಕರಿದ್ದಾರೆ, ವಿಮರ್ಶಕರೆಲ್ಲಿ?

ಶಿವನಸಮುದ್ರ: ಮಳೆಗಾಲದಲ್ಲಿ ಗಗನಚುಕ್ಕಿಯ ಎದುರು ನಿಂತವರಿಗೆ ಒಂದು ಸಂಗತಿ ಮನವರಿಕೆಯಾಗುತ್ತದೆ. ಬೀಳುವ ನೀರು ಒಂದೇ ಬಗೆಯದಲ್ಲ. ಬಂಡೆಯ ಅಂಚಿನಲ್ಲಿ ಅದು ಗಾಜಿನಂತಿರುತ್ತದೆ, ನಡುವೆ ಹಾಲ್ನೊರೆಯಾಗುತ್ತದೆ, ಕೆಳಗೆ ಮಂಜಾಗಿ ಮೇಲೇಳುತ್ತದೆ. ಇದನ್ನು ಕೈಯಿಂದ ಬರೆದು ಪರದೆಯ ಮೇಲೆ ಚಲಿಸುವಂತೆ ಮಾಡುವುದು ಎಂತಹ ಶ್ರಮದ ಕೆಲಸವೆಂಬುದನ್ನು ಊಹಿಸಬಹುದು. ಮಳೆಯನ್ನೇ ವಸ್ತುವಾಗಿಸಿಕೊಂಡ ಮಕೋಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ ಚಿತ್ರದ ಬಗ್ಗೆ ‘ಗ್ರಾಫಿಕ್ಸ್ ಅದ್ಭುತ’ ಎಂದಷ್ಟೇ ಬರೆದು ಮುಗಿಸಿದರೆ ಅದು ವಿಮರ್ಶೆ ಎನಿಸದು.

ಆ ಚಿತ್ರ 2019ರಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಅಭಿಮಾನಿಗಳು ಸಹಿ ಸಂಗ್ರಹಿಸಿ ಒತ್ತಾಯಿಸಿದ ಬಳಿಕ. ಅಲ್ಲಿಂದೀಚೆಗೆ ಪರಿಸ್ಥಿತಿ ಬದಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು ಮತ್ತು ತೆಲುಗಿನಲ್ಲಿ ತೆರೆಕಂಡಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಮರುಬಿಡುಗಡೆಯಾದ, ಭಾರತ-ಜಪಾನ್ ಸಹಯೋಗದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರಕ್ಕೂ ಕನ್ನಡದ ಧ್ವನಿ ದೊರೆಯಲಿಲ್ಲ.

ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಇದ್ದ ಅಘೋಷಿತ ನಿರ್ಬಂಧ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. 2017ರಿಂದ ಡಬ್ಬಿಂಗ್ ಚಿತ್ರಗಳು ತೆರೆಗೆ ಬರತೊಡಗಿದವು. ಹೀಗಾಗಿ ಇಂದು ತಡೆಯಾಗಿರುವುದು ಕಾನೂನಲ್ಲ. ಕನ್ನಡದಲ್ಲಿ ಇಂತಹ ಚಿತ್ರ ನೋಡುವವರಿದ್ದಾರೆಯೇ ಎಂಬ ಸಂದೇಹ. ವಿಮರ್ಶೆ ಬರೆದ ಮಾತ್ರಕ್ಕೆ ಡಬ್ಬಿಂಗ್ ಬಂದೀತೆಂದು ಹೇಳಲಾಗದು. ಆದರೆ ಯಾವ ಚಿತ್ರದ ಬಗ್ಗೆ ಒಂದು ಭಾಷೆಯಲ್ಲಿ ಮಾತೇ ನಡೆಯುವುದಿಲ್ಲವೋ ಆ ಭಾಷೆಯ ಪ್ರೇಕ್ಷಕ ವಿತರಕನ ಕಣ್ಣಿಗೆ ಬೀಳುವುದೂ ಕಷ್ಟ.

ಕತೆ ಹೇಳಿದರೆ ಸಾಲದು

ನಮ್ಮ ಚಿತ್ರವಿಮರ್ಶೆಗೆ ಒಂದು ಸಿದ್ಧ ಅಚ್ಚಿದೆ: ಮುಕ್ಕಾಲು ಪಾಲು ಕತೆ, ಒಂದೆರಡು ಸಾಲು ನಟನೆ, ಕೊನೆಗೆ ‘ಕ್ಯಾಮೆರಾ ಕೆಲಸ ಚೆನ್ನಾಗಿದೆ’. ಈ ಅಚ್ಚು ಅನಿಮೆಗೆ ಒಗ್ಗುವುದಿಲ್ಲ. ಯುಗೊ ಸಾಕೊ ಮತ್ತು ರಾಮ್ ಮೋಹನ್ ಸೇರಿ ರೂಪಿಸಿದ 1992ರ ‘ರಾಮಾಯಣ’ವನ್ನೇ ತೆಗೆದುಕೊಳ್ಳಿ. ಎಲ್ಲರೂ ಬಲ್ಲ ಕತೆಯದು. ಕತೆ ಹೇಳುವುದನ್ನು ಬಿಟ್ಟರೆ ವಿಮರ್ಶಕನಿಗೆ ಉಳಿಯುವುದೇನು? ರಾವಣನ ಮುಖದ ರೇಖೆ, ಲಂಕೆಯ ಬಣ್ಣ, ಯುದ್ಧದ ಓಟ, ಸಂಸ್ಕೃತದ ಹಾಡುಗಳನ್ನು ಬಳಸಿದ ರೀತಿ. ಬರೆಯಬೇಕಾದದ್ದು ಅದನ್ನೇ.

ತಯಾರಿಕೆಯ ಇತಿಹಾಸವೂ ತಿಳಿದಿರಬೇಕು. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ಕಿರುತೆರೆಗೆ ತಂದಾಗ ಹಣವೂ ಸಮಯವೂ ಕಡಿಮೆಯಿದ್ದವು. ಸೆಕೆಂಡಿಗೆ 24 ಚಿತ್ರಗಳ ಬದಲು ಸುಮಾರು 8 ಚಿತ್ರಗಳಲ್ಲೇ ಕೆಲಸ ಸಾಗಿಸುವುದು, ಸ್ಥಿರಚಿತ್ರಗಳನ್ನು ಹೆಚ್ಚಾಗಿ ಬಳಸುವುದು, ಬಾಯಿಯನ್ನಷ್ಟೇ ಆಡಿಸುವುದು ರೂಢಿಗೆ ಬಂತು. ಆ ಮಿತವ್ಯಯವೇ ಮುಂದೆ ಶೈಲಿಯೂ ಆಯಿತು. ಇದನ್ನರಿಯದವನಿಗೆ ಪ್ರತಿಯೊಂದು ನಿಶ್ಚಲ ದೃಶ್ಯವೂ ದೋಷವೆನಿಸುತ್ತದೆ. ಕುರುಡು ಅಭಿಮಾನಿಗೆ ಸೋಮಾರಿತನವೂ ಕಲೆಯೆನಿಸುತ್ತದೆ. ಎಲ್ಲಿ ಅದು ಭಾವಕ್ಕೆ ಒದಗಿತು, ಎಲ್ಲಿ ಬರೀ ಉಳಿತಾಯವಾಯಿತು ಎಂದು ಬೇರ್ಪಡಿಸಿ ತೋರಿಸುವವನೇ ವಿಮರ್ಶಕ.

ಇನ್ನೊಂದು ಪ್ರಾಮಾಣಿಕತೆಯೂ ಅಗತ್ಯ. ನೋಡಿದ್ದು ಮೂಲ ಜಪಾನಿ ಆವೃತ್ತಿಯೋ ಹಿಂದಿ ಡಬ್ಬಿಂಗೋ, ಧಾರಾವಾಹಿಯಾದರೆ ಎಷ್ಟು ಕಂತು ನೋಡಿ ತೀರ್ಪು ನೀಡಲಾಗಿದೆ ಎಂಬುದನ್ನು ಓದುಗನಿಗೆ ತಿಳಿಸಬೇಕು.

ಪೋಷಕರ ಪ್ರಶ್ನೆ

ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಮಗನ ಮೊಬೈಲ್ ಇಣುಕಿ ನೋಡುವ ತಂದೆತಾಯಿಗೆ ಇದೆಲ್ಲ ‘ಕಾರ್ಟೂನ್’. ಆದರೆ ಜಪಾನಿನ ಘಿಬ್ಲಿ ಸ್ಟುಡಿಯೊ 1988ರ ಏಪ್ರಿಲ್‌ನಲ್ಲಿ ಒಂದೇ ದಿನ ಎರಡು ಚಿತ್ರಗಳನ್ನು ಜೊತೆಯಾಗಿ ತೆರೆಗೆ ತಂದಿತ್ತು. ಒಂದು, ಪುಟ್ಟ ಮಕ್ಕಳೂ ನಲಿಯುವ ‘ಮೈ ನೇಬರ್ ಟೊಟೊರೊ’. ಮತ್ತೊಂದು, ಯುದ್ಧದಲ್ಲಿ ಅನಾಥರಾದ ಅಣ್ಣ-ತಂಗಿ ಹಸಿವಿನಿಂದ ನವೆದು ಸಾಯುವ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಹೊರನೋಟಕ್ಕೆ ಎರಡೂ ಒಂದೇ ಮನೆಯ ಮಕ್ಕಳು.

ಚಿತ್ರಮಂದಿರದ ಚಿತ್ರಗಳಿಗೆ 7, 13, 16 ವರ್ಷಗಳ ಉಪವರ್ಗಗಳನ್ನು 2024ರಲ್ಲಿ ಜಾರಿಗೆ ತರಲಾಗಿದೆ. ಆದರೆ ಅಂಕಿಯು ಕಾರಣವನ್ನು ವಿವರಿಸುವುದಿಲ್ಲ. ರಕ್ತಪಾತವೇ, ಸಾವಿನ ದುಃಖವೇ, ಅಶ್ಲೀಲತೆಯೇ ಎಂಬುದನ್ನು ಮನೆಮಾತಿನಲ್ಲಿ ತಿಳಿಸಿದರೆ ಪೋಷಕರು ನಿಷೇಧಕ್ಕೂ ನಿರ್ಲಕ್ಷ್ಯಕ್ಕೂ ನಡುವಿನ ದಾರಿಯನ್ನು ಕಂಡುಕೊಳ್ಳಬಲ್ಲರು.

ನಮ್ಮ ಚಿತ್ರಗಳಿಗೂ ಬೇಕು

ಇದು ಜಪಾನಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಆನಿಮೇಷನ್ ಕ್ಷೇತ್ರಕ್ಕೆ 2012ರಲ್ಲಿಯೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ನಮ್ಮದು. ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರಲ್ಲಿ ಕನ್ನಡದಲ್ಲೂ ತೆರೆಕಂಡು ಯಶಸ್ವಿಯಾಯಿತು. ಅದರ ಬಗೆಗಿನ ಚರ್ಚೆ ಬಹುಪಾಲು ಭಕ್ತಿ ಮತ್ತು ಗಳಿಕೆಯ ಸುತ್ತಲೇ ತಿರುಗಿತು. ಪಾತ್ರಗಳ ನಡಿಗೆಯಲ್ಲಿ ತೂಕವಿತ್ತೇ, ಮುಖದಲ್ಲಿ ಜೀವವಿತ್ತೇ ಎಂಬ ಪ್ರಶ್ನೆಗಳು ಹಿಂದೆ ಸರಿದವು. ಆನಿಮೇಷನ್ ಕಲಿತು ಕೆಲಸಕ್ಕಿಳಿಯುವ ನಮ್ಮ ಯುವಕರಿಗೆ ಇಂತಹ ಹೊಗಳಿಕೆಯಿಂದ ಕಲಿಯಲು ಏನೂ ಸಿಗದು.

ಪತ್ರಿಕೆಗಳ ಶುಕ್ರವಾರದ ಪುಟಗಳಲ್ಲಿ ತಾರೆಯರ ಚಿತ್ರಗಳಿಗೆ ಸಿಗುವ ಜಾಗದಲ್ಲಿ ಕಾಲು ಭಾಗವನ್ನಾದರೂ ಇದಕ್ಕೆ ಮೀಸಲಿಡಬಾರದೇಕೆ? ಬರೆಯಬಲ್ಲ ಕನ್ನಡದ ಹುಡುಗ ಹುಡುಗಿಯರು ಈಗಾಗಲೇ ಈ ಚಿತ್ರಗಳನ್ನು ನೋಡುತ್ತಿದ್ದಾರೆ. ಅವರನ್ನು ಕರೆದು ಬರೆಸಬೇಕಾದ ಹೊಣೆ ಸಂಪಾದಕರದು.