ಮೂಕ ಚಿತ್ರದಲ್ಲಿ ಕೈಲಾಸಂ

ಮಾತಿನ ಮಲ್ಲರೆನಿಸಿದ ಟಿ. ಪಿ. ಕೈಲಾಸಂ ಅವರು ಮೂಕ ಚಿತ್ರವೊಂದರಲ್ಲಿ ಅಭಿನಯಿಸಿದ್ದರೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿ ಮೋಹನ್ ಭವನಾನಿಯವರು ನಿರ್ದೇಶಿಸಿದ ‘ವಸಂತಸೇನಾ’ 1931ರ ಚಿತ್ರ. ಏಣಾಕ್ಷಿ ರಾಮರಾವ್ ವಸಂತಸೇನೆಯಾದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರಲ್ಲಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದನ್ನು ಸಮಾಜ ಒಪ್ಪದಿದ್ದ ಕಾಲವದು.

ಕೈಲಾಸಂ ಅವರದು ಶಕಾರನ ಪಾತ್ರ. ಇವನು ರಾಜನ ಮೈದುನ, ದುಷ್ಟ, ಮೇಲಾಗಿ ಮೂರ್ಖ. ‘ಸ’ಕಾರವನ್ನೆಲ್ಲ ‘ಶ’ಕಾರ ಮಾಡಿ ನುಡಿಯುತ್ತಾನೆ, ರಾಮಾಯಣ ಭಾರತಗಳನ್ನು ಕಲಸಿ ಕುಂತಿಯನ್ನು ರಾವಣನ ಕೈಗೆ ಸಿಕ್ಕಿಸುತ್ತಾನೆ! ಅವನ ಹಾಸ್ಯವೆಲ್ಲ ನಾಲಗೆಯ ಮೇಲಿದೆ. ಇಂಗ್ಲಿಷ್ ಬೆರೆತ ಆಡುಮಾತಿನಿಂದಲೇ ರಂಗವನ್ನು ಗೆದ್ದ ಕೈಲಾಸಂ ಅವರಿಗೆ ಇಂಥ ಪಾತ್ರ ಸಿಕ್ಕಿದ್ದು ಮಾತಿಲ್ಲದ ಚಿತ್ರದಲ್ಲಿ. ಇದು ನಷ್ಟವಲ್ಲವೆಂದು ನಾವು ವಾದಿಸುವುದಿಲ್ಲ.

ಆದರೆ ಮೂಕ ಚಿತ್ರಕ್ಕೆ ಭಾಷೆಯ ಗಡಿಯಿರಲಿಲ್ಲ. ನಡುನಡುವೆ ತೋರುವ ಬರಹವನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆದರಾಯಿತು. ಓದು ಬಲ್ಲವರು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅದೇ 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’ ಮಾತನಾಡಿದವು. ಅಂದಿನಿಂದ ಪ್ರೇಕ್ಷಕರು ಭಾಷೆಗೊಂದು ಗುಂಪಾದರು.

ನಾಗಲಗಿದ್ದದವರಾದ ನಮಗೆ ಇದು ದೂರದ ಮಾತಲ್ಲ. ನಮ್ಮ ಮಕ್ಕಳು ತರಗತಿಯಲ್ಲಿ ಕನ್ನಡ ಓದಿ, ಹೊರಗೆ ತೆಲುಗು, ಉರ್ದು, ಮರಾಠಿ ಕೇಳುತ್ತಾರೆ. ವಾರ್ಷಿಕೋತ್ಸವದ ನಾಟಕಕ್ಕೆ ಮಾತ್ರ ನಾವು ಕನ್ನಡ ಸರಾಗವಾಗಿ ಆಡುವವರನ್ನೇ ಆರಿಸುತ್ತೇವೆ. ತಡವರಿಸುವ ಮಕ್ಕಳಿಗೆ ಪರದೆ ಎಳೆಯುವ ಕೆಲಸ. ಅವರಲ್ಲಿ ಎಂತಹ ನಟರಿದ್ದಾರೋ ನಾವು ನೋಡಿಯೇ ಇಲ್ಲ.

ಈ ಸಲ ಮೃಚ್ಛಕಟಿಕದ ಆರನೆಯ ಅಂಕದ ಒಂದು ದೃಶ್ಯವನ್ನು ಮಾತಿಲ್ಲದೆ ಆಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಬಡವನಾದ ಚಾರುದತ್ತನ ಮಗ ರೋಹಸೇನ ಮಣ್ಣಿನ ಬಂಡಿ ಬೇಡ, ನೆರೆಮನೆಯ ಹುಡುಗನದರಂತೆ ಚಿನ್ನದ್ದೇ ಬೇಕೆಂದು ಅಳುತ್ತಾನೆ. ವಸಂತಸೇನೆಯನ್ನು ತೋರಿಸಿ ಇವಳೂ ನಿನ್ನ ತಾಯಿಯೆಂದರೆ, ತಾಯಿಯಾದರೆ ಮೈಮೇಲೆ ಇಷ್ಟು ಒಡವೆ ಏಕೆಂದು ಕೇಳುತ್ತಾನೆ. ಅವಳು ಅಳುತ್ತಾ ಒಂದೊಂದಾಗಿ ಕಳಚಿ ಬಂಡಿಗೆ ತುಂಬುತ್ತಾಳೆ. ಹುಡುಗನ ಆ ಒಂದು ಪ್ರಶ್ನೆಯನ್ನು ಹಲಗೆಯ ಮೇಲೆ ನಾಲ್ಕು ಲಿಪಿಗಳಲ್ಲಿ ಬರೆದು ಹಿಡಿದರೆ ಸಾಕು.

ಮಾತಿಲ್ಲದೆ ಕನ್ನಡ ಶಾಲೆಯ ನಾಟಕವೇ ಎಂದು ಪಾಲಕರು ಕೇಳಬಹುದು. ನ್ಯಾಯವೇ. ಶಕಾರನು ಮಾತನಾಡಲಿ, ಕನ್ನಡದಲ್ಲಿಯೇ, ತಪ್ಪುತಪ್ಪಾಗಿ. ತಡವರಿಸುವ ಹುಡುಗನಿಗೆ ಅದಕ್ಕಿಂತ ಧೈರ್ಯದ ಪಾತ್ರ ಇನ್ನೊಂದಿಲ್ಲ.

ಬಂಡಿಗೆ ಮಣ್ಣು ನಮ್ಮ ಹೊಲಗಳಲ್ಲಿಯೇ ಇದೆ. ಒಡವೆಗೆ ಮಾತ್ರ ತಾಯಂದಿರು ದಯವಿಟ್ಟು ಗಿಲೀಟಿನವನ್ನೇ ಕಳುಹಿಸಬೇಕು.