ತುಟಿ ಹೊಲಿದಾಯ್ತು, ಉಸಿರಿನ ಕಥೆ ಏನು?

1/5
ದೋಸ್ತ್ರೇ, ಇದೇ ಆ್ಯಪ್‌ನಲ್ಲಿ ನೀವೂ ನೋಡಿರ್ತೀರಿ. ಎಡಕ್ಕೆ ಸೀಳುತುಟಿಯ ಮಗು, ಬಲಕ್ಕೆ ಆಪರೇಷನ್ ಆದ್ಮೇಲೆ ನಗೋ ಮಗು. ಲೈಕ್ ಒತ್ತಿ ಮುಂದೆ ಹೋಗ್ತೀವಿ. ಆ ಆಪರೇಷನ್ ದೊಡ್ಡ ಕೆಲಸ, ಅದರಲ್ಲಿ ತಕರಾರಿಲ್ಲ. ಸ್ಮೈಲ್ ಟ್ರೇನ್‌ನಂಥ ಸಂಸ್ಥೆಗಳಿಂದ ಪುಕ್ಕಟೆ ಆಗುತ್ತೆ. ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಇಂಥ ಮಕ್ಕಳಿಗೇ ಒಂದು ವಿಭಾಗ ಐತೆ. ನನ್ನ ತಕರಾರು ಒಂದೇ: ಫೋಟೊ ಚೆಂದ ಬಂತು ಅಂದಕೂಡ್ಲೇ ನಾವು ಖಾತೆ ಕ್ಲೋಸ್ ಮಾಡಿಬಿಡ್ತೀವಿ. ರಾತ್ರಿ ಆ ಮಗು ಹೆಂಗೆ ಉಸಿರಾಡುತ್ತೆ ಅಂತ ಯಾರೂ ಕೇಳಲ್ಲ.

2/5
ಸೀಳು ಅಂಗುಳ ಇದ್ದ ಎಷ್ಟೋ ಜನರಿಗೆ ಬೆಳೀತಾ ಬೆಳೀತಾ ಮೇಲ್ದವಡೆ ಹಿಂದೇ ಉಳಿಯುತ್ತೆ. ಪಿಯರ್ ರಾಬಿನ್ ಅನ್ನೋ ಸ್ಥಿತಿಯಲ್ಲಿ ಕೆಳದವಡೆ ಚಿಕ್ಕದು, ನಾಲಿಗೆ ಹಿಂದಕ್ಕೆ ಜಾರುತ್ತೆ. ಮಾತು ಸ್ಪಷ್ಟ ಆಗ್ಲಿ ಅಂತ ಗಂಟಲಲ್ಲಿ ಮಾಡೋ ಆಪರೇಷನ್ನೂ ಕೆಲವರಿಗೆ ಉಸಿರಿನ ದಾರಿ ಕಿರಿದು ಮಾಡುತ್ತೆ. ಮಲಗಿದಾಗ ಆ ದಾರಿ ಮುಚ್ಚಿಕೊಳ್ಳುತ್ತೆ, ಆಮ್ಲಜನಕ ಇಳಿಯುತ್ತೆ, ಮೆದುಳು ತಟ್ಟಿ ಎಬ್ಬಿಸುತ್ತೆ. ಮತ್ತೆ ನಿದ್ದೆ, ಮತ್ತೆ ಅದೇ. ಇದು ಸ್ಲೀಪ್ ಅಪ್ನಿಯಾ. ದೊಡ್ಡವರಲ್ಲಿ ಉಸಿರು 10 ಸೆಕೆಂಡಾದ್ರೂ ನಿಂತ್ರೆ ಅಥವಾ ತೀರಾ ಕಮ್ಮಿಯಾದ್ರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 30 ಸಲ ದಾಟಿದ್ರೆ ತೀವ್ರ.

3/5
"ಗೊರಕೆ ಹೊಡೀತಾನೆ, ಒಳ್ಳೆ ನಿದ್ದೆ." ಅಲ್ಲ.
"ಅದು ದಪ್ಪಗಿರೋರ ಕಾಯಿಲೆ." ದವಡೆಯೇ ಕಾರಣ ಆದ್ರೆ ಸಣಕಲನಿಗೂ ಬರುತ್ತೆ.
"ಸೋಂಬೇರಿ, ಕ್ಲಾಸಲ್ಲಿ ತೂಕಡಿಸ್ತಾನೆ." ರಾತ್ರಿಯೆಲ್ಲಾ ಉಸಿರಿಗೆ ಒದ್ದಾಡಿದವನಿಗೆ ಬೆಳಿಗ್ಗೆ ತಲೆನೋವು ಇರುತ್ತೆ, ಓದಿದ್ದು ತಲೇಲಿ ನಿಲ್ಲಲ್ಲ.
ಹಾಸ್ಟೆಲಲ್ಲಿ ಅವನ ಗೊರಕೆ ರೀಲ್ಸ್ ಮಾಡಿ 'ಕುಂಭಕರ್ಣ' ಅಂತ ಹಾಕ್ತೀರಲ್ಲ, ಚಿಕ್ಕಂದಿನಿಂದ ಮುಖದ ಬಗ್ಗೆ ಮಾತು ಕೇಳಿಸಿಕೊಂಡು ಬಂದವನು ಅವನು. ಅದೇ ವಿಡಿಯೋ ಅವನ ಕೈಗೆ ಕೊಟ್ಟಿದ್ರೆ ಡಾಕ್ಟರಿಗೆ ತೋರಿಸೋಕಾದ್ರೂ ಆಗ್ತಿತ್ತು.

4/5
ಈಗ ಸರ್ಕಾರದ ಲೆಕ್ಕ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯ್ತು. ಅಂಗನವಾಡಿ, ಶಾಲೆಗೆ ಬಂದು ತಪಾಸಣೆ ಮಾಡ್ತಾರೆ. ಅವರ 30 ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಐತೆ. ನಿದ್ದೆಯಲ್ಲಿ ಉಸಿರು ನಿಲ್ಲೋದು ಇಲ್ಲ. 18 ವರ್ಷಕ್ಕೆ ಆ ಕಾರ್ಯಕ್ರಮವೇ ಮುಗೀತು. ಹಿಂದುಳಿದ ದವಡೆ ಮುಂದಕ್ಕೆ ತರೋ ಆಪರೇಷನ್ ಸಾಮಾನ್ಯವಾಗಿ ಮಾಡೋದು ಯಾವಾಗ ಗೊತ್ತಾ? ಬೆಳವಣಿಗೆ ನಿಂತ ಮೇಲೆ. ಅಂದ್ರೆ ನಮ್ಮ ವಯಸ್ಸಿಗೆ.

5/5
"ಮೊದ್ಲು ಆಪರೇಷನ್ ಸಿಗ್ಲಿ, ನಿದ್ದೆ ಆಮೇಲೆ" ಅನ್ನಬ್ಯಾಡ್ರಿ. "ಮಗು ಗೊರಕೆ ಹೊಡೆಯುತ್ತಾ, ಮಧ್ಯೆ ಉಸಿರು ನಿಲ್ಲುತ್ತಾ?" ಅಂತ ಕೇಳೋಕೆ ಒಂದು ರೂಪಾಯಿ ಖರ್ಚಿಲ್ಲ. ಚಿಕಿತ್ಸೇನೂ ಐತೆ. ಮೂಗಿನ ಮಾಸ್ಕ್‌ನಿಂದ ಗಾಳಿ ಒತ್ತೋ ಸಿಪ್ಯಾಪ್ ಮಷೀನ್ ವಿಷಯ 1981ರಲ್ಲೇ ಪ್ರಕಟ ಆಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ನಾವು ಎರಡು ಕೇಳಬೇಕು: ತಪಾಸಣೆಯಲ್ಲಿ ಈ ಪ್ರಶ್ನೆ, ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆಯ ಪರೀಕ್ಷೆ.
ನಿಮ್ಮ ಮನೇಲಿ, ರೂಮಲ್ಲಿ ಅಂಥವರಿದ್ರೆ ಇವತ್ತು ರಾತ್ರಿ ಕಿವಿಗೊಡ್ರಿ. ಉಸಿರು ನಿಂತು, ಆಮೇಲೆ ಏದುಸಿರು ಬಿಟ್ರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ರ ಜೊತೆಗೆ ಹೋಗ್ರಿ.

#ಗೊರಕೆ_ಜೋಕ್_ಅಲ್ಲ #ಸೀಳುತುಟಿ #ಸ್ಲೀಪ್_ಅಪ್ನಿಯಾ #ವಿಜಯನಗರ_ಜಿಲ್ಲೆ